ರಟ್ಟಿನ ಕಣ

ಮೊನ್ನೆ ಮನೆಗೆ ಹೊಸ ಕೂಲರ್ ಬಂದಿತು. ಪೆಟ್ಟಿಗೆಯ ಅಂಟುಪಟ್ಟಿಯನ್ನು ಸೀಳಿದೊಡನೆ ರಟ್ಟಿನ ವಾಸನೆ ಮೂಗಿಗೆ ಅಡರಿತು. ನಿಮಗೆ ಅದು ಬರಿಯ ರಟ್ಟಿನ ವಾಸನೆ; ನನಗೆ ಸುಗ್ಗಿಯ ಕಣದ ವಾಸನೆ. ಹಳೆಯ ಕನ್ನಡ ಮಾಸ್ತರನಿಗೆ ಬಿಸಿಲು ತಲೆಗೇರಿತೆಂದು ಭಾವಿಸಬೇಡಿ. ಸ್ವಲ್ಪ ಕುಳಿತುಕೊಳ್ಳಿ, ಹೇಳುತ್ತೇನೆ.

ನಿವೃತ್ತಿಗೆ ಮೊದಲೇ ಶಾಲೆಯ ಕೆಲಸ ಬಿಟ್ಟ ಮೇಲೆ ನಾನು ರಾಯಚೂರಿನ ಸಣ್ಣದೊಂದು ವಸ್ತುಸಂಗ್ರಹಾಲಯಕ್ಕೆ ಫಲಕಗಳನ್ನು ಬರೆದುಕೊಡುತ್ತಿದ್ದೆ. ಅಲ್ಲಿ ಎಂಜಿನಿಯರ್ ರೇಷ್ಮಾ, ಬಡಗಿ ಬಸಣ್ಣ ಮತ್ತು ನಾನು ಸೇರಿ ಖಾಲಿ ಕೋಣೆಯೊಂದಕ್ಕೆಂದು ಒಕ್ಕಲು ಕಣವನ್ನು ಕಟ್ಟತೊಡಗಿದೆವು. ನಡುವೆ ಮೇಟಿಕಂಬ, ಬಂದವರು ಅದರ ಸುತ್ತ ನಡೆದರೆ ಎತ್ತಿನ ಕೊರಳ ಗೆಜ್ಜೆ ಮತ್ತು ತೆನೆ ಒಕ್ಕುವಾಗ ಹಾಡುವ ಹಂತಿಯ ಪದ ಕೇಳಿಸಬೇಕು. ರೇಷ್ಮಾ ತಾನೇ ಕಲ್ಪಿಸಿದ ಮೊದಲ ಕೆಲಸ ಅದು. ಮರ ಕೊಯ್ಯುವ ಮೊದಲು ಎಲ್ಲವನ್ನೂ ರಟ್ಟಿನಲ್ಲಿ ಮಾಡಿ, ಊರೂರಿಗೆ ಒಯ್ದು, ಜನರ ಮುಂದಿಟ್ಟು ನೋಡಬೇಕೆಂಬುದು ಅವಳ ಪದ್ಧತಿ. ಅವರು ಬಳಸುವಾಗ ನಾವು ತುಟಿ ಬಿಚ್ಚಬಾರದು, ಬೆರಳು ತೋರಬಾರದು.

ವಿವರಿಸುವುದನ್ನೇ ಉಸಿರಾಗಿಸಿಕೊಂಡಿದ್ದ ನನಗೆ ಇದು ಸೆರೆವಾಸ. ಆದ್ದರಿಂದ ಒಂದು ಒಳದಾರಿ ಹುಡುಕಿದೆ. ಕಣದ ಅಂಚಿನ ಪಟ್ಟಿಯ ಮೇಲೆ ಭಾರ ಬಿದ್ದೊಡನೆ ನನ್ನದೇ ಧ್ವನಿ ಮೊಳಗುವ ಏರ್ಪಾಡಾಯಿತು: “ಮಾನ್ಯ ಸಂದರ್ಶಕರೇ, ತಾವು ಈಗ ಪ್ರವೇಶಿಸುತ್ತಿರುವ ಈ ವೃತ್ತಾಕಾರದ ಆವರಣವು…” ಆ ವಾಕ್ಯಕ್ಕೆ ಕ್ರಿಯಾಪದ ಬರುವಷ್ಟರಲ್ಲಿ ಬಸಣ್ಣ ಚಹಾ ಕುಡಿದು ಮುಗಿಸುತ್ತಿದ್ದ.

ದೇವದುರ್ಗದ ಶಾಲಾಮಕ್ಕಳು ಬೂಟುಗಾಲಿನಲ್ಲೇ ಅಂಚು ತುಳಿದು ಒಳಗೆ ಓಡಿದರು. ಭಾರ ಸರಿದೊಡನೆ ನನ್ನ ಧ್ವನಿ ‘ಮಾನ್ಯ’ ಎಂಬಲ್ಲಿಗೇ ನಿಂತಿತು, ಮಕ್ಕಳು ಕುಣಿದರು. ತೋರಿಸಿ ನೋಡಲು ಇನ್ನು ಉಳಿದ ಊರು ಮಾನ್ವಿಯೊಂದೇ. ಅಲ್ಲಿಗೆ ಸಂಗ್ರಹಾಲಯದ ಮೇಲ್ವಿಚಾರಕರೇ ಬಂದರು. “ದೊಡ್ಡವರು ಒಳಗ ನಿಲ್ಲಲಿಲ್ಲಂದ್ರ ಆ ಖೋಲಿ ಗಾಜಿನ ಕಪಾಟಿಗೇ ನೋಡಮ್ಮಾ” ಎಂದು ರೇಷ್ಮಾಳಿಗೆ ಹೇಳಿಬಿಟ್ಟರು.

ಹತ್ತಿರದ ಹಳ್ಳಿ ಚೀಕಲಪರ್ವಿಯಿಂದ ಹನುಮವ್ವ ಎಂಬ ಹಿರಿಯಳು ತನ್ನ ಓಣಿಯವರೊಂದಿಗೆ ಬಂದಿದ್ದಳು. ಅಂಚಿಗೆ ಬಂದವಳು ನಿಂತಳು. ಚಪ್ಪಲಿ ಕಳಚಿ ಪಟ್ಟಿಯ ಮೇಲಿಟ್ಟು ಒಳಗೆ ಕಾಲಿಟ್ಟಳು. ಹಿಂದಿನವರೂ ಹಾಗೆಯೇ ಮಾಡಿದರು. ಕಣಕ್ಕೆ ಚಪ್ಪಲಿ ಮೆಟ್ಟಿ ಹೋಗಬಾರದೆಂಬುದು ಮಟಮಾರಿಯಲ್ಲಿ ಬೆಳೆದ ನನಗೂ ಗೊತ್ತು, ಬಸಣ್ಣನಿಗೂ ಗೊತ್ತು. ಆದರೆ ರಟ್ಟಲ್ಲವೇ ಎಂದು ನಾವು ವಾರಗಟ್ಟಲೆ ಮೆಟ್ಟಿಕೊಂಡೇ ಓಡಾಡಿದ್ದೆವು. ಈಗ ಚಪ್ಪಲಿಗಳ ರಾಶಿಯ ಭಾರಕ್ಕೆ ನನ್ನ ಧ್ವನಿ ನಿಲ್ಲಲೇ ಇಲ್ಲ. ವಾಕ್ಯ ಮುಗಿಯುವುದು, ಮತ್ತೆ ‘ಮಾನ್ಯ ಸಂದರ್ಶಕರೇ’. ಹಂತಿಯ ಪದ ಅದರಡಿ ಹೂತುಹೋಯಿತು.

“ಯಾವನ ಇಂವ, ಕಣದಾಗೂ ಸಾಲಿ ನಡಸಾಕತ್ತಾನ?” ಎಂದಳು ಹನುಮವ್ವ.

“ಸುಗ್ಗಿ ಮುಗಿಯೂತನಕ ಬಾಯಿ ಮುಚ್ಚಂಗಿಲ್ಲ ಬಿಡಬೇ!” ಎಂದು ಜೊತೆಯವಳು ನಕ್ಕಳು. ನಗುತ್ತಲೇ ಎಲ್ಲರೂ ಹೊರಬಂದರು. ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು. ರೇಷ್ಮಾ ತಲೆ ತಗ್ಗಿಸಿ ತಂತಿ ಸುತ್ತತೊಡಗಿದಳು.

ಆಗ ಬಸಣ್ಣ, “ರಟ್ಟಿಗೂ ಚಪ್ಪಲಿ ಬಿಟ್ರಲ್ರೀ ಸರ! ನಮ್ದು ಖರೇ ಕಣ ಆಗೇದ!” ಎಂದ.

ರೇಷ್ಮಾಳ ಕೈ ನಿಂತಿತು. “ಹಂಗಾದ್ರ ಪದಾನ ಪಟ್ಟಿಗೆ ಹಚ್ಚೋಣ. ಚಪ್ಪಲಿ ಇಟ್ರ ಸುರು, ಮೆಟ್ಟಿದ್ರ ಬಂದ್. ಆದ್ರ ಸರ, ನಿಮ್ಮ ದನಿ…”

“ತೆಗಿಯವ್ವಾ, ತೆಗಿ” ಎಂದೆ. ಅದು ಕ್ರಿಯಾಪದವೊಂದೇ ಇದ್ದ ವಾಕ್ಯ.

ಅವಳು ತಂತಿ ಬದಲಿಸಿ, “ಯವ್ವಾ, ಇನ್ನೊಮ್ಮೆ ಬರ್ರಿ” ಎಂದು ಕರೆದಳು. ಹನುಮವ್ವ ಚಪ್ಪಲಿ ಇಟ್ಟಳು; ಗೆಜ್ಜೆ ಘಲ್ಲೆಂದಿತು. ಒಮ್ಮೆ ಹಿಂತಿರುಗಿ ಚಪ್ಪಲಿಯನ್ನು ನೋಡಿದಳು; ಮೇಟಿಕಂಬಕ್ಕೆ ಕೈಯಾನಿಸಿ ಮೆಲ್ಲನೆ ಸುತ್ತುತ್ತ ಪದಕ್ಕೆ ತಾನೂ ದನಿಗೂಡಿಸಿದಳು. ಯಾರಿಗೂ ಹೊರಬರುವ ಅವಸರವಿರಲಿಲ್ಲ. ಸ್ವಲ್ಪ ಹೊತ್ತಿಗೆ ಮೇಲ್ವಿಚಾರಕರೂ ಬಗ್ಗಿ ಬೂಟಿನ ಲಾಡಿ ಬಿಚ್ಚತೊಡಗಿದರು.

ಆ ಕೋಣೆ ರೇಷ್ಮಾಳದಾಯಿತು. ಈಗ ಅಲ್ಲಿರುವುದು ಬಸಣ್ಣನ ಸಾಗುವಾನಿ ಕಣ. ನಾನು ಬರೆದ ಒಂದಕ್ಷರವೂ ಅಲ್ಲಿಲ್ಲ. ಆದರೂ ನನ್ನ ಕೆಲಸವೆಂದು ನೆಂಟರಿಗೆ ಮೊದಲು ತೋರಿಸುವುದು ಅದನ್ನೇ. ನಡುವಯಸ್ಸಿನವನೊಬ್ಬನಿಗೆ ಸುಮ್ಮನೆ ನಿಂತು ನೋಡುವ ಸುಖವನ್ನು ಕಲಿಸಿದ ಆ ಇಬ್ಬರನ್ನೂ, ನನ್ನನ್ನು ಕಣದಿಂದ ಹೊರಹಾಕಿದ ಹನುಮವ್ವನನ್ನೂ ನೆನೆದಾಗಲೆಲ್ಲ ಮನಸ್ಸು ತುಂಬಿಬರುತ್ತದೆ.

ಕೂಲರಿನ ಪೆಟ್ಟಿಗೆಗೆ ರದ್ದಿಯವನು ಬಂದ. ಅದನ್ನು ಬಿಚ್ಚಿ ಅಂಗಳದಲ್ಲಿ ಹಾಸಿ, ಮಡಿಕೆ ಕೂರಲೆಂದು ಹತ್ತಿ ತುಳಿಯುತ್ತಿದ್ದೆ.

“ಚಪ್ಪಲಿ ಯಾಕ ಬಿಟ್ರಿ ಸರ? ಬರೇ ರಟ್ಟದ, ಮೆಟ್ಕೊಂಡೇ ತುಳೀರಿ” ಎಂದ.

ಆಗಲೇ ನೋಡಿಕೊಂಡೆ: ನನ್ನ ಚಪ್ಪಲಿ ಅಂಚಿನಲ್ಲಿ ಜೋಡಿಯಾಗಿ ಕುಳಿತಿದ್ದವು. ವಿವರಿಸಲು ಬಾಯಿ ತೆರೆದೆ. ಹಾಗೆಯೇ ಮುಚ್ಚಿಕೊಂಡು, ಬರಿಗಾಲಿನಲ್ಲೇ ಇನ್ನೊಂದು ಸುತ್ತು ಹಾಕಿದೆ.