ಹಲಸೂರು ಕೆರೆಯಲ್ಲಿ ಇರದ ಹಸಿರು ಚೆಂಡು

ಗ್ರೇಸ್ ಮಿಸ್ ಅವರ ಕಣ್ಣು ತಪ್ಪು ನೋಡಿರಲಿಲ್ಲ. ಹಲಸೂರು ಕೆರೆಯದೆಂದು ಅವರು ನಂಬಿ ಸೂಕ್ಷ್ಮದರ್ಶಕದ ಕೆಳಗಿಟ್ಟ ನೀರಿಗೆ ಬೇರೆ ಕಡೆಯ ನೀರು ಬೆರೆಸಿದವಳು ನಾನು. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ — ಆಮೇಲೊಂದು ದಿನ ನನ್ನನ್ನೇ ನೇರವಾಗಿ ಕೇಳಿದಾಗ, ಕಣ್ಣಾರೆ ಕಂಡದ್ದನ್ನು ಕಾಣಲಿಲ್ಲ ಎಂದುಬಿಟ್ಟೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಸಿಂಧನೂರಿನಿಂದ ಬಂದ ನಾನು ಶಿವಾಜಿನಗರದ ಒಂದು ಕಚೇರಿಯಲ್ಲಿ ಟೈಪಿಸ್ಟ್. ದೊಮ್ಮಲೂರಿನಲ್ಲಿ ಬಾಡಿಗೆ ಕೋಣೆ. ಭಾನುವಾರವೆಂದರೆ ಬಟ್ಟೆ ಒಗೆಯುವುದು, ಊರಿಗೆ ಕಾಗದ ಬರೆಯುವುದು, ಬಟ್ಟೆ ಒಣಗಿತೇ ಎಂದು ಹತ್ತು ಸಲ ನೋಡುವುದು. ಅಂಥ ಒಂದು ಭಾನುವಾರ ಬೇಸರ ತಡೆಯಲಾರದೆ ಹಲಸೂರು ಕೆರೆಯ ಕಡೆ ನಡೆದೆ. ಬಿಳಿಗೂದಲ ಹೆಂಗಸೊಬ್ಬರು ಸೀರೆ ಎತ್ತಿ ಸಿಕ್ಕಿಸಿಕೊಂಡು, ದೊಡ್ಡ ಬಳೆಯೊಂದಕ್ಕೆ ಹೊಲಿದ ರೇಷ್ಮೆ ಬಟ್ಟೆಯ ಚೀಲವನ್ನು ನೀರಿನಲ್ಲಿ ಎಳೆಯುತ್ತಿದ್ದರು.

“ಮೀನ ಹಿಡ್ಯಾಕತ್ತೀರೇನ್ರೀ?” ಎಂದೆ.

“ಮೀನು ತಿನ್ನೋದನ್ನ ಹಿಡೀತಿದೀನಿ. ಸುಮ್ನೆ ನಿಂತಿದೀಯಲ್ಲಾ, ಈ ಬಾಟಲ್ ಹಿಡ್ಕೊಮ್ಮಾ,” ಎಂದರು.

ಹಿಡಿದುಕೊಂಡೆ. ಅಲ್ಲಿಂದ ನನ್ನ ಭಾನುವಾರಗಳೆಲ್ಲ ಅವರವೇ ಆದವು.

ಪುಲಿಕೇಶಿನಗರದ ಹಳೆಯ ಮನೆಯಲ್ಲಿ ಒಂಟಿಯಾಗಿದ್ದ ಗ್ರೇಸ್ ಮಿಸ್ ನಿವೃತ್ತ ವಿಜ್ಞಾನ ಶಿಕ್ಷಕಿ. ಊಟದ ಮೇಜಿನ ಮೇಲೆ ಹಿತ್ತಾಳೆಯ ಸೂಕ್ಷ್ಮದರ್ಶಕ. ಮೊದಲ ಸಲ ಅದಕ್ಕೆ ಕಣ್ಣಿಟ್ಟಾಗ ನಾನು ಕೂಗಿಯೇಬಿಟ್ಟೆ. ನಾಲ್ಕು ಹಸಿರು ಕಾಳುಗಳನ್ನು ಸಾಲಾಗಿ ಅಂಟಿಸಿ, ಎರಡೂ ತುದಿಗೆ ಕೊಂಬು ಇಟ್ಟಂತೆ ಒಂದು. ರಂಗೋಲಿಯ ಚಕ್ರದಂತೆ ಇನ್ನೊಂದು. ಕೆಂಪು ಚುಕ್ಕೆ ಹೊತ್ತು ಈಜುತ್ತ ಮಾಯವಾಗುವ ಮತ್ತೊಂದು. ನಾನು ಇಷ್ಟು ದಿನ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಪಾಚಿ ಇದೇ ಏನು! ಕಂಡದ್ದನ್ನು ಪೆನ್ಸಿಲ್ಲಿನಲ್ಲಿ ಬರೆದು, ಹಳೆಯ ಪುಸ್ತಕಗಳ ಚಿತ್ರಗಳೊಂದಿಗೆ ಹೋಲಿಸಿ, ಹೆಸರು ಪತ್ತೆಯಾದರೆ ಮಿಸ್ ಪಟ್ಟಿಗೆ ಸೇರಿಸುತ್ತಿದ್ದರು. ಹೊಸ ಹೆಸರು ಸೇರಿದ ದಿನ ಕೇಕು. ಶಿವಾಜಿನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಅನ್ವರ್ ಭಾಯ್ ಲೆನ್ಸ್ ಒರೆಸಿಕೊಡಲು ಬಂದು, ಕೇಕು ಮುಗಿಯುವವರೆಗೂ ಕೂರುತ್ತಿದ್ದರು. “ಕ್ಯಾ ಮಿಸ್, ಇಷ್ಟು ವರ್ಷ ಪಾಚಿ ನೋಡಿದ್ರಿ, ಒಂದ್ ದಿನ ಆದ್ರೂ ಪಾಚಿ ನಿಮ್ಮನ್ನ ನೋಡ್ತಾ?” ಎಂದು ಕೆಣಕುತ್ತಿದ್ದರು. ನಕ್ಕು ನಕ್ಕು ಹೊಟ್ಟೆ ನೋಯುತ್ತಿತ್ತು. ಈ ಊರಿನಲ್ಲಿ ನನಗೂ ಒಂದು ಮನೆಯಿದೆ ಎಂದು ಅನ್ನಿಸಿದ್ದು ಆ ಮೇಜಿನ ಸುತ್ತಲೇ.

ಮಿಸ್‌ಗೆ ಒಂದೇ ಒಂದು ಆಸೆ ಉಳಿದಿತ್ತು — ವಾಲ್ವಾಕ್ಸ್. ಗಸಗಸೆಗಿಂತ ಸಣ್ಣ ಹಸಿರು ಚೆಂಡು. ನೂರಾರು ಜೀವಕೋಶಗಳು ಒಂದಾಗಿ ನೀರಿನಲ್ಲಿ ಉರುಳುತ್ತ ಸಾಗುತ್ತವೆ, ಒಡಲೊಳಗೆ ಮರಿಚೆಂಡುಗಳನ್ನು ಹೊತ್ತು. ಅವರ ಅಪ್ಪ ಹಲಸೂರು ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಬಿಸಿಲಿಗೆ ಎತ್ತಿ ತೋರಿಸಿದ್ದರಂತೆ, ಅವರು ಏಳು ವರ್ಷದವರಿದ್ದಾಗ. ಆಮೇಲೆ ಊರಿನ ಕೊಳೆಯೆಲ್ಲ ಕೆರೆಗೆ ಸೇರಿತು. ಅಲ್ಲಿ ಮತ್ತೆ ಅದು ಕಾಣಲಿಲ್ಲ.

ಅವರ ಬಲಗಣ್ಣಿಗೆ ಪೊರೆ ಬಂತು. ಆಪರೇಷನ್ ನಿಗದಿಯಾದ ವಾರ, “ಅದಕ್ಕೆ ಮುಂಚೆ ಒಂದ್ಸಲ ಸಿಕ್ಕಿದ್ರೆ ಸಾಕಮ್ಮಾ. ನಮ್ ಕೆರೇಲೇ ಸಿಗ್ಬೇಕು,” ಎಂದರು.

ಆ ಶನಿವಾರ ಸಹೋದ್ಯೋಗಿಯ ಮನೆಗೆಂದು ಕೆ.ಆರ್. ಪುರಕ್ಕೆ ಹೋಗಿದ್ದೆ. ಮನೆಯ ಹಿಂದೆ ಮಳೆನೀರು ನಿಂತ ಹೊಂಡ. ಅಭ್ಯಾಸ ಬಿಡಬೇಕಲ್ಲ — ಬಾಟಲಿ ತುಂಬಿ ಬೆಳಕಿಗೆ ಹಿಡಿದೆ. ಹಸಿರು ಚುಕ್ಕೆಗಳು. ಉರುಳುತ್ತಿದ್ದವು! ಒಬ್ಬಳೇ ಕುಣಿದೆ. ಆಗಲೇ ಓಡಿಹೋಗಿ ಮಿಸ್‌ಗೆ ಹೇಳಬೇಕಿತ್ತು: ಕೆ.ಆರ್. ಪುರದಲ್ಲಿದೆ, ಬನ್ನಿ. ಆದರೆ — ನಮ್ ಕೆರೇಲೇ. ಮರುದಿನ ಬೆಳಿಗ್ಗೆ ಕೆರೆಯಲ್ಲಿ ಚೀಲ ಎಳೆದದ್ದು ನಾನು. ಅವರು ಚಪ್ಪಲಿ ತೊಡುವಷ್ಟರಲ್ಲಿ ಬ್ಯಾಗಿನಲ್ಲಿದ್ದ ನೀರನ್ನು ಅವರ ಬಾಟಲಿಗೆ ಸುರಿದೆ.

ಮನೆಯಲ್ಲಿ ಅವರು ಎಡಗಣ್ಣನ್ನು ಸೂಕ್ಷ್ಮದರ್ಶಕಕ್ಕಿಟ್ಟರು. ಆಮೇಲೆ ಕಿರುಚಿದರು. ನನ್ನ ಎರಡೂ ಕೆನ್ನೆ ಹಿಡಿದು, “ಬಂದ್ಬಿಡ್ತಮ್ಮಾ! ವಾಪಸ್ ಬಂದ್ಬಿಡ್ತು!” ಎಂದು ಅತ್ತರು, ನಕ್ಕರು. ನಾನೂ ಕಣ್ಣಿಟ್ಟೆ: ಹಸಿರು ಗೋಳ ನಿಧಾನವಾಗಿ ತಿರುಗುತ್ತಿತ್ತು, ಒಳಗೆ ಐದು ಮರಿಗಳು. ಅವರು ಚರ್ಚಿಗೂ ಹೋಗದೆ ಚಿತ್ರ ಬರೆದರು. ಸಂಜೆ ಅನ್ವರ್ ಭಾಯ್ ಬರುವಷ್ಟರಲ್ಲಿ ಚೆಂಡುಗಳು ಸತ್ತು ಬಾಟಲಿಯ ತಳ ಸೇರಿದ್ದವು. ಅವು ಬಲು ಸೂಕ್ಷ್ಮ. ಹೀಗಾಗಿ ಕಂಡವರು ನಾವಿಬ್ಬರೇ.

ಆ ದಿನದ ಸಂತೋಷ ಸುಳ್ಳಲ್ಲ. ಅದನ್ನು ನೆನೆದರೆ ಇಂದಿಗೂ ನಗು ಬರುತ್ತದೆ — ಅದೇ ನನ್ನ ಸಂಕಟ.

ಸುದ್ದಿ ಹರಡಿತು. ಕೆರೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಸುಧೀಂದ್ರ ಎಂಬ ತರುಣ ಮಿಸ್‌ರನ್ನು ಹುಡುಕಿಕೊಂಡು ಬಂದ. ಎರಡು ಮಳೆಗಾಲ ಹಲಸೂರು ಕೆರೆಯ ಮೂಲೆಮೂಲೆಯ ನೀರು ತೆಗೆದ. ಏನೂ ಸಿಗಲಿಲ್ಲ. ಕೊನೆಗೆ ಅದೇ ಮೇಜಿನ ಮುಂದೆ ಕೂತು, ಬಹಳ ಮರ್ಯಾದೆಯಿಂದ, “ಮಿಸ್, ಆಗ ನಿಮ್ ಕಣ್ಣಿಗೆ ಪೊರೆ ಇತ್ತಲ್ವಾ... ಹಳೇ ನೆನಪು ಕೆಲವು ಸಲ ಕಣ್ಣ ಮುಂದೆ ಬಂದ್ಬಿಡುತ್ತೆ,” ಎಂದ. ಮಿಸ್ ನಕ್ಕರು. “ಇವಳೂ ನೋಡಿದಾಳಲ್ಲಪ್ಪಾ, ಕೇಳು.”

ಅವನು ನನ್ನ ಕಡೆ ತಿರುಗಿದ. “ನೀವೂ ನೋಡಿದ್ರಾ ಮೇಡಂ?”

ನೋಡಿದೆ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ: ಯಾವ ಜಾಗದ ನೀರು? ತೆಗೆದವರು ಯಾರು?

“ನನಗ ಸರಿಯಾಗಿ ಕಾಣ್ಲಿಲ್ರೀ,” ಎಂದೆ. “ಹಸ್ರು ಏನೋ ಇತ್ತು...”

ಮಿಸ್ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ — ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ — ತಮ್ಮ ಮೇಲೆಯೇ ಅನುಮಾನ ಬಂದವರಂತೆ. ಪಟ್ಟಿ ತೆಗೆದು ಆ ಹೆಸರಿನ ಮೇಲೆ ಗೆರೆ ಎಳೆದರು.

ಮುಂದಿನ ಭಾನುವಾರದಿಂದ ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಡಲಿಲ್ಲ. “ನೀನು ನೋಡಿ ಹೇಳು, ನಾನು ಬರ್ಕೋತೀನಿ,” ಎನ್ನುತ್ತಿದ್ದರು. ಆಪರೇಷನ್ ಆಗಿ ಕಣ್ಣು ತಿಳಿಯಾಗಿತ್ತು. ಪತ್ರಿಕೆಯ ಸಣ್ಣ ಅಕ್ಷರವನ್ನೂ ಓದುತ್ತಿದ್ದರು. ಆದರೂ ನೋಡಲಿಲ್ಲ. ಇದು ಒಂದು ವರ್ಷ ನಡೆಯಿತು. ಒಂದು ವರ್ಷ! ಪ್ರತಿ ವಾರ ಹೇಳಬೇಕೆಂದು ಹೋಗುತ್ತಿದ್ದೆ, ಪ್ರತಿ ವಾರ...

ಕೊನೆಗೊಂದು ದಿನ ಅವರು ಸೂಕ್ಷ್ಮದರ್ಶಕವನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಮುಂದಿಟ್ಟರು. “ನೀನೇ ತಗೊಂಡ್ಹೋಗು. ನನ್ ಕಣ್ಣನ್ನ ನಾನೇ ನಂಬೋಕಾಗ್ತಿಲ್ಲ.”

“ಮಿಸ್, ನಿಮ್ಮ ಕಣ್ಣು ಛಲೋ ಅದಾವ್ರೀ,” ಎಂದೆ. ಉಳಿದದ್ದೂ ಬಂತು — ಹೊಂಡ, ಬಾಟಲಿ, ಎಲ್ಲ. “ನಾನೂ ನೋಡಿದ್ದೆ. ಐದು ಮರಿ ಇದ್ವು.”

ಅವರು ಮೇಜು ಗುದ್ದಿದರು. “ಹಾಗಾದ್ರೆ ಇತ್ತು! ಬಾಟಲಲ್ಲಿ ಇತ್ತು! ನಾನು ನೋಡಿದ್ದು ನಿಜ!” ಆ ಮುಖದಲ್ಲಿ ಎಂಥ ಬೆಳಕು! ಮರುಕ್ಷಣ ಅದು ಗಟ್ಟಿಯಾಯಿತು. “ನೀರು ಬೆರೆಸಿದ್ದು ಬಿಡು, ಪೆದ್ದುತನ. ನೋಡಿ ನೋಡ್ಲಿಲ್ಲ ಅಂದ್ಯಲ್ಲಾ, ನನ್ ಮುಂದೇನೇ.” ಎದ್ದು ಒಳಗೆ ಹೋಗಿ ಟೀ ಮಾಡಿಕೊಂಡು ಬಂದರು, ಒಂದೇ ಲೋಟ. ಅವರು ಕುಡಿದು ಮುಗಿಸುವವರೆಗೂ ನಾನು ತಲೆ ತಗ್ಗಿಸಿ ಕೂತಿದ್ದೆ. ಸುಧೀಂದ್ರನಿಗೆ ಅಲ್ಲೇ ಕಾಗದ ಬರೆಸಿದರು, ನನ್ನ ಕೈಯಿಂದ, ಒಂದು ಮಾತೂ ಬಿಡದೆ. ಲಕೋಟೆ ಅಂಟಿಸಿದ ಮೇಲೆ, “ಎಲ್ಲಿದೆ ಆ ಹೊಂಡ? ನಡಿ,” ಎಂದರು.

ಬಸ್ಸಿನಲ್ಲಿ ನನ್ನನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತರು. ಹೊಂಡದ ಅರ್ಧಕ್ಕೆ ಕಟ್ಟಡದ ಮಣ್ಣು ಸುರಿದಿದ್ದರು, ಇನ್ನರ್ಧದಲ್ಲಿ ಮಳೆನೀರಿತ್ತು. ಮಿಸ್ ತಾವೇ ಇಳಿದು ಬಾಟಲಿ ತುಂಬಿ ಬಿಸಿಲಿಗೆ ಎತ್ತಿದರು. ಅವು ಇದ್ದವು. ಎರಡೂ ಕಣ್ಣು ತೆರೆದು, ಕೆಸರಿನಲ್ಲಿ ನಿಂತು, ಏಳು ವರ್ಷದ ಹುಡುಗಿಯ ಹಾಗೆ ನಕ್ಕರು. “ಬಾ ಇಲ್ಲಿ, ಕಳ್ಳೀ,” ಎಂದು ಪಕ್ಕದಲ್ಲಿ ಜಾಗ ಕೊಟ್ಟರು. ಆಮೇಲೆ ಏಳು ವರ್ಷ, ಅವರು ಹೋಗುವವರೆಗೂ, ನಾವು ಪಾಚಿ ನೋಡಿದೆವು. ನನ್ನ ಬಾಳಿನ ಅತ್ಯಂತ ಸುಖದ ವರ್ಷಗಳವು.

ಆದರೆ ಕಳೆದ ತಿಂಗಳು ಅನ್ವರ್ ಭಾಯ್ ಇಂದಿರಾನಗರದಲ್ಲಿ ಸಿಕ್ಕರು. ಮಿಸ್‌ರ ಮಾತು ಬಂತು. “ಪಾಪ, ಇಲ್ದೇ ಇರೋ ಚೆಂಡು ನೋಡಿದ್ರಲ್ಲಾ ಒಂದ್ಸಲ! ಯಾದ್ ಹೈ?” ಎಂದು ನಕ್ಕರು. ಮಿಸ್ ನನ್ನ ತಪ್ಪನ್ನು ಅವರಿಗೂ ಹೇಳಿರಲಿಲ್ಲ. ಹೇಳುವುದು ನನ್ನ ಕೆಲಸವೆಂದು ಬಿಟ್ಟಿದ್ದರೇನೋ.

ನಾನೂ ನಕ್ಕೆ. ಹೌದು — ಮತ್ತೆ ಅದೇ ಸುಳ್ಳು, ಎರಡನೆಯ ಸಲ, ಈಗ ಮಿಸ್ ಇಲ್ಲದಾಗ.

ಇಂದು ಸಂಜೆ ಶಿವಾಜಿನಗರಕ್ಕೆ ಹೋಗುತ್ತಿದ್ದೇನೆ. ಅನ್ವರ್ ಭಾಯ್ ಅಂಗಡಿಯಲ್ಲಿ ಗಿರಾಕಿಗಳಿದ್ದರೂ ಸರಿ, ಅವರೆದುರಿಗೇ ಎಲ್ಲ ಹೇಳುತ್ತೇನೆ.