ದಮ್ಮಿನ ಪುಡಿಯೊಳಗೆ ಏನಿತ್ತು?

ಬೆಳಗಿನ ಆರು ಗಂಟೆ. ರಾಮನಗರದ ರೇಷ್ಮೆ ನೂಲು ಬಿಚ್ಚುವ ಓಣಿಯಲ್ಲಿ ಒಲೆಗಳು ಆಗಲೇ ಹೊತ್ತಿಕೊಂಡಿವೆ. ತಗಡಿನ ಮಾಡಿನ ಕೆಳಗೆ, ಕುದಿಯುವ ನೀರಿನಲ್ಲಿ ಗೂಡುಗಳು ಹೊರಳಾಡುತ್ತಿವೆ. ಬೆಂದ ಹುಳುವಿನ ವಾಸನೆ ಓಣಿಯ ತುದಿಯವರೆಗೂ ಹಬ್ಬಿದೆ. ಹೆಂಗಸರು ಬಿಸಿನೀರಿಗೆ ಬರಿಗೈ ಅದ್ದಿ ಎಳೆಯ ತುದಿ ಹುಡುಕುತ್ತಿದ್ದಾರೆ. ಬಾಗಿಲ ಬಳಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿರುವ ಮಮತಾ ಒಬ್ಬೊಬ್ಬರನ್ನೇ ಕರೆದು ಕೈಗೆ ಉಸಿರಿನ ಬಲ ಅಳೆಯುವ ಒಂದು ಕೊಳವೆ ಕೊಡುತ್ತಾರೆ.

"ಒಂದೇ ಉಸಿರಿಗೆ ಊದಕ್ಕ. ಹಸಿ ಸೌದೆ ಒಲೆ ಊದ್ತೀಯಲ್ಲ, ಹಂಗೆ."

ಊದಿದವಳಿಗೆ ಕೆಮ್ಮು ಒತ್ತರಿಸಿಕೊಂಡು ಬರುತ್ತದೆ. ಕೊಳವೆಯ ಮುಳ್ಳು ಅರ್ಧಕ್ಕೂ ಏರುವುದಿಲ್ಲ. ಮಮತಾ ಆಕೆಯ ಬೆನ್ನು ನೀವಿ, ಕೆಮ್ಮು ನಿಂತ ಮೇಲೆ ತೋಳಿಗೆ ಪಟ್ಟಿ ಕಟ್ಟಿ ಎರಡು ಸಣ್ಣ ಸೀಸೆಯಷ್ಟು ರಕ್ತ ತೆಗೆಯುತ್ತಾರೆ. ಪಕ್ಕದಲ್ಲಿರುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಇಲ್ಲ. ಐಸ್ ಹಾಕಲ್ವಾ ಎಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: "ನಂಗೆ ಬೇಕಾಗಿರೋದು ಬದುಕಿರೋ ಕೋಶಗಳು. ಚಳಿ ತಾಗಿದ್ರೆ ಅವು ಮಂಕಾಗ್ತವೆ." ಹತ್ತು ಗಂಟೆಯೊಳಗೆ ಈ ರಕ್ತ ಬೆಂಗಳೂರಿನ ಪ್ರಯೋಗಾಲಯ ಸೇರಬೇಕು. ಹಾಗಾಗಿ ಏಳೂವರೆಗೆಲ್ಲ ಪೆಟ್ಟಿಗೆಯನ್ನು ಎದೆಗವುಚಿಕೊಂಡು ರೈಲ್ವೆ ಸ್ಟೇಷನ್ನಿನ ಕಡೆ ಹೆಜ್ಜೆ ಹಾಕುತ್ತಾರೆ. ರೈಲಿನಲ್ಲಿ ಸೀಟು ಸಿಗುವ ದಿನಗಳು ಅಪರೂಪ.

ನಲವತ್ತೊಂದು ವರ್ಷದ ಮಮತಾ ಜೀವಕೋಶಗಳ ಸಂಶೋಧಕಿ. ರೇಷ್ಮೆ ಕೆಲಸಗಾರರ ಎದೆಗೆ ಏನು ಸೇರುತ್ತದೆ, ಮೈಯೊಳಗಿನ ಕಾವಲು ಕೋಶಗಳು ಅದಕ್ಕೆ ಹೇಗೆ ಕೆರಳುತ್ತವೆ, ಯಾವ ಮದ್ದು ಅವುಗಳನ್ನು ಸಮಾಧಾನ ಮಾಡುತ್ತದೆ, ಯಾವುದು ಕೊಲ್ಲುತ್ತದೆ ಎಂಬುದೇ ಹದಿನಾಲ್ಕು ವರ್ಷಗಳಿಂದ ಅವರ ಕೆಲಸ. ದೊಡ್ಡ ಸಭೆಗಳಲ್ಲಿ ಅವರ ಹೆಸರು ಕೇಳಿಬರುವುದಿಲ್ಲ. ಈ ಓಣಿಯಲ್ಲಿ ಮಾತ್ರ ಅವರು 'ಊದೋ ಡಾಕ್ಟರಮ್ಮ'.

ಕನಕಪುರ ತಾಲ್ಲೂಕಿನ ಕಬ್ಬಾಳು ಅವರ ತಾಯಿಯ ತವರು. ಅಪ್ಪ ತೀರಿಕೊಂಡಾಗ ಮಮತಾಗೆ ಇನ್ನೂ ನಾಲ್ಕು ವರ್ಷ. ತಾಯಿ ದೊಡ್ಡಲಕ್ಷ್ಮಮ್ಮ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅಣ್ಣ ದೊಡ್ಡಹನುಮಯ್ಯನ ಮನೆಗೆ ಬಂದರು. ಕಂಡವರ ರೇಷ್ಮೆ ಹುಳುಮನೆಗಳಲ್ಲಿ ಸೊಪ್ಪು ಹಾಕಿ, ಕಸ ತೆಗೆದು ಜೀವನ ಮಾಡಿದರು. ಕೆಲವೇ ವರ್ಷಗಳಲ್ಲಿ ಅವರಿಗೆ ದಮ್ಮು ಅಂಟಿಕೊಂಡಿತು. ಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳಲ್ಲಂತೂ ಗೋಡೆಗೊರಗಿ ಕುಳಿತೇ ಬೆಳಗು ಮಾಡುತ್ತಿದ್ದರು.

ಆಗ ಕೈ ಹಿಡಿದದ್ದು ಅಣ್ಣನ ಪುಡಿ. ದೊಡ್ಡಹನುಮಯ್ಯ ಬೆಟ್ಟದ ಬೇರು, ತೊಗಟೆ, ಎಲೆಗಳನ್ನು ತಂದು ಒರಳಲ್ಲಿ ಕುಟ್ಟಿ ಜೇನಿನಲ್ಲಿ ಕೊಡುತ್ತಿದ್ದರು. ದಮ್ಮು ಪೂರ್ತಿ ಹೋಗುತ್ತಿರಲಿಲ್ಲ, ಒಸಿ ತಗ್ಗುತ್ತಿತ್ತು. ಪ್ರತಿ ಭಾನುವಾರ ಅವರ ಜಗಲಿಯ ಮುಂದೆ ಜನ ಸೇರುತ್ತಿದ್ದರು. ಕೊಟ್ಟ ಪುಡಿಗೆ ಅವರು ದುಡ್ಡು ಮುಟ್ಟುತ್ತಿರಲಿಲ್ಲ, ಮುಟ್ಟಿದರೆ ಮದ್ದು ನಾಟುವುದಿಲ್ಲ ಎಂಬ ನಂಬಿಕೆ. "ಇದ್ರೊಳಗೆ ಏನೈತೆ, ಹೆಂಗೆ ಕೆಲ್ಸ ಮಾಡ್ತದೆ ಅಂತ ಮಾವನ್ನ ಕೇಳ್ತಿದ್ದೆ. 'ನಂಗೇನು ಗೊತ್ತವ್ವ, ಓದಿ ನೀನೇ ಹೇಳು' ಅಂತಿದ್ರು. ಅದೇ ತಲೇಲಿ ಕೂತ್ಕೊಂಡ್ಬುಡ್ತು" ಎನ್ನುತ್ತಾರೆ ಮಮತಾ.

ಓದು ಸಲೀಸಾಗಿ ಸಿಗಲಿಲ್ಲ. ಕನಕಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಹುಡುಗಿ ಬೆಂಗಳೂರಿನ ಪ್ರಯೋಗಾಲಯ ಸೇರಿದಾಗ, ಮೊದಲ ವರ್ಷವೆಲ್ಲ ಗಾಜಿನ ಸಾಮಾನು ತೊಳೆಯುವ ಕೆಲಸವೇ ಹೆಚ್ಚಾಗಿ ಬಂತು. ಅದನ್ನು ನೆನೆದು ಅವರು ಕೊರಗುವುದಿಲ್ಲ. ಚೆನ್ನಾಗಿ ತೊಳೆಯದ ತಟ್ಟೆಯಲ್ಲಿ ಕೋಶ ಬದುಕುವುದಿಲ್ಲ ಎಂಬುದು ಆಗಲೇ ಗೊತ್ತಾಯಿತು ಎಂದು ನಗುತ್ತಾರೆ. ಪಿಎಚ್.ಡಿ. ಮುಗಿದ ಮೇಲೆ ಅವರು ಕೈಗೆತ್ತಿಕೊಂಡ ಮೊದಲ ಸ್ವಂತ ಕೆಲಸ ಮಾವನ ಪುಡಿಯದೇ.

ಅಷ್ಟರಲ್ಲಿ ಆ ಪುಡಿಯ ಹೆಸರು ರಾಮನಗರದ ಓಣಿಗಳಿಗೂ ಮುಟ್ಟಿತ್ತು. ಒಂದು ಚಿಟಿಕೆ ಹಾಕಿಕೊಂಡರೆ ಅರ್ಧ ದಿನದಲ್ಲಿ ಎದೆ ಹಗುರ ಎನ್ನುತ್ತಿದ್ದರು. ನೂಲು ಬಿಚ್ಚುವ ಶರ್ಫುನ್ನೀಸಾ ಮತ್ತು ಅವರ ಮಗಳು ಫಿರೋಜಾ ಇಬ್ಬರೂ ಅದನ್ನೇ ನಂಬಿದ್ದರು. ಮಮತಾ ಪ್ರಯೋಗಾಲಯದಲ್ಲಿ ನೋಡಿದಾಗಲೂ ಮಾತು ನಿಜವಾಯಿತು. ರೇಷ್ಮೆಯ ಅಂಟು ತಾಗಿಸಿದರೆ ಕೆರಳುತ್ತಿದ್ದ ಕೋಶಗಳು, ಪುಡಿಯ ಸಾರ ಬಿದ್ದ ಕೂಡಲೇ ತಣ್ಣಗಾಗುತ್ತಿದ್ದವು. "ಅವತ್ತು ಊಟ ಸೇರ್ಲಿಲ್ಲ ನಂಗೆ, ಅಷ್ಟು ಖುಷಿ. ಮಾವಂಗೆ ಫೋನ್ ಮಾಡಿ, 'ನಿನ್ ಪುಡಿ ಗೆದ್ಬುಡ್ತು ಮಾವ' ಅಂದೆ."

ಲೇಖನ ಸಿದ್ಧವಾಯಿತು. ಕಳಿಸುವುದೊಂದೇ ಬಾಕಿ ಇತ್ತು.

ಆ ವಾರವೇ ಫಿರೋಜಾ ಆಸ್ಪತ್ರೆ ಸೇರಿದಳು. ಇಪ್ಪತ್ತೊಂಬತ್ತು ವರ್ಷ, ಎರಡು ಮಕ್ಕಳ ತಾಯಿ. ಮುಖ ಊದಿಕೊಂಡಿತ್ತು, ಕೈಕಾಲು ಸೊರಗಿ ಕಡ್ಡಿಯಾಗಿದ್ದವು. ಕ್ಷಯ ಎರಡೂ ಶ್ವಾಸಕೋಶಗಳನ್ನು ತಿಂದು ಮಿದುಳಿಗೂ ಏರಿದೆ ಎಂದರು ವೈದ್ಯರು. ಇಷ್ಟು ಹಬ್ಬುವವರೆಗೂ ಜ್ವರ ಬಂದಿರಲಿಲ್ಲವೇ ಎಂದು ಅವರು ಕೇಳಿದರೆ, ಶರ್ಫುನ್ನೀಸಾ ತಲೆ ಅಲ್ಲಾಡಿಸಿದರು. ಇಲ್ಲ, ಹುಡುಗಿ ದಿನಾ ಕೆಲಸಕ್ಕೆ ಹೋಗುತ್ತಿದ್ದಳು. ಒಂಬತ್ತನೆಯ ದಿನ ಫಿರೋಜಾ ತೀರಿಕೊಂಡಳು.

ಮಣ್ಣು ಮಾಡಿದ ಮಾರನೆಯ ದಿನ ಮಮತಾ ಪ್ರಯೋಗಾಲಯಕ್ಕೆ ಬಂದರು. ಜ್ವರವೇ ಬರಲಿಲ್ಲ ಎಂಬ ಮಾತು ಬಿಡದೆ ಕಾಡುತ್ತಿತ್ತು. ಅದುವರೆಗೂ ಮಾಡದಿದ್ದ ಒಂದು ಪರೀಕ್ಷೆ ಮಾಡಿದರು. ಪುಡಿಯ ಸಾರದಲ್ಲಿ ತಣ್ಣಗಾಗಿದ್ದ ಕೋಶಗಳ ಮೇಲೆ ಸತ್ತ ಕ್ಷಯಾಣುವಿನ ಚೂರುಗಳನ್ನು ಬಿಟ್ಟರು. ಆರೋಗ್ಯವಂತ ಕೋಶಗಳಾದರೆ ಮೈಮೇಲೆ ಬಿದ್ದು ಕೂಗಾಡಬೇಕು. ಇವು ಮಿಸುಕಲಿಲ್ಲ.

"ನಾಯಿ ಬೊಗಳ್ತಾ ಇಲ್ಲ ಅಂದ್ರೆ ನಿದ್ದೆ ಚೆನ್ನಾಗಿ ಬರ್ತದೆ. ಆದ್ರೆ ಕಳ್ಳ ಬಂದಾಗ್ಲೂ ಬೊಗಳ್ದೆ ಹೋದ್ರೆ? ನಾನು ಆ ನಿದ್ದೇನ ನೋಡಿ ಕುಣಿದಿದ್ದೆ" ಎನ್ನುತ್ತಾರೆ ಅವರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ.

ತಾಯಿಯ ಡಬ್ಬದಲ್ಲಿ ಎಷ್ಟೋ ವರ್ಷ ಹಿಂದಿನ, ಮಾವ ತಮ್ಮ ಕೈಯಾರೆ ಕುಟ್ಟಿದ್ದ ಪುಡಿ ಒಂದಿಷ್ಟು ಉಳಿದಿತ್ತು. ಅದನ್ನೂ ತಂದು ನೋಡಿದರು. ಅದು ಕೋಶಗಳನ್ನು ಸುಮ್ಮನಾಗಿಸಲಿಲ್ಲ. ಹೊಸದನ್ನು ರಾಸಾಯನಿಕ ಪರೀಕ್ಷೆಗೆ ಕಳಿಸಿದರು. ಉತ್ತರ ಬಂತು: ಸ್ಟೆರಾಯ್ಡ್. ಅದೂ, ವೈದ್ಯರು ಎಣಿಸಿ ಎಣಿಸಿ ಕೊಡುವಂಥದ್ದು, ಇಲ್ಲಿ ಧಾರಾಳವಾಗಿ ಬೆರೆತಿತ್ತು. ದಮ್ಮು ತಗ್ಗಿಸಿದ್ದೂ ಅದೇ, ಜ್ವರ ಮುಚ್ಚಿಟ್ಟದ್ದೂ ಅದೇ, ಕ್ಷಯಕ್ಕೆ ಬಾಗಿಲು ತೆರೆದದ್ದೂ ಅದೇ.

ಅದು ಎಲ್ಲಿಂದ ಬಂತು? ಮಂಡಿನೋವು ಬಂದು ಬೆಟ್ಟ ಹತ್ತಲಾಗದೆ ಹೋದಾಗಿನಿಂದ ದೊಡ್ಡಹನುಮಯ್ಯ ಪೇಟೆಯ ವ್ಯಾಪಾರಿಯೊಬ್ಬನಿಂದ 'ಬೇರಿನ ಭಸ್ಮ' ಎಂದು ತರಿಸಿಕೊಂಡು, ತಮ್ಮ ಎಲೆಪುಡಿಗೆ ಬೆರೆಸುತ್ತಿದ್ದರು. ಗುಣ ಹೆಚ್ಚಾಗಿದ್ದನ್ನು ಕಂಡು ಅವರೂ ಹಿಗ್ಗಿದ್ದರು.

ಪ್ರಯೋಗಾಲಯದ ಹಿರಿಯರೊಬ್ಬರು ಲೇಖನ ತಡೆಯಬೇಡ ಎಂದರು. ಪುಡಿ ಕೋಶಗಳನ್ನು ಶಮನ ಮಾಡಿದ್ದು ಸುಳ್ಳಲ್ಲವಲ್ಲ, ಅಷ್ಟನ್ನೇ ಬರಿ, ಮಿಕ್ಕಿದ್ದು ಆಮೇಲೆ. ಮಮತಾ ಒಪ್ಪಲಿಲ್ಲ. ಆ ವರ್ಷ ಅವರ ಗುತ್ತಿಗೆ ಮುಂದುವರಿಯಲಿಲ್ಲ. ಬೇರೆ ಕಡೆ ಜಾಗ ಸಿಗುವವರೆಗೆ ಚನ್ನಪಟ್ಟಣದ ಖಾಸಗಿ ಲ್ಯಾಬೊಂದರಲ್ಲಿ ಸಕ್ಕರೆ ಕಾಯಿಲೆಯವರ ರಕ್ತ ನೋಡಿಕೊಂಡಿದ್ದರು.

ಅದಕ್ಕಿಂತ ಕಷ್ಟವಾದದ್ದು ಕಬ್ಬಾಳಿನ ಆ ಭಾನುವಾರ. ಜಗಲಿಯ ಮುಂದೆ ಜನ ಕೂತಿದ್ದರು. ಮಮತಾ ಮಾವನನ್ನು ಒಳಗೆ ಕರೆದರು. ಪುಡಿಯಲ್ಲಿ ಸಿಕ್ಕಿದ್ದೇನು, ಅದು ಮಾಡಿದ್ದೇನು ಎಂದು ಹೇಳಿದರು.

"ಅಂಗಾರೆ ನಾನು ಇಸ ಕೊಟ್ನಾ ಮಗಾ?"

"ನೀನು ಕೊಟ್ಟಿದ್ದು ಎಲೆ, ಬೇರು ಮಾವ. ಅದ್ರೊಳಗೆ ಇನ್ಯಾವನೋ ಬೆರೆಸ್ದ."

"ಕೊಟ್ಟ ಕೈ ನಂದೇ ತಾನೆ?"

ದೊಡ್ಡಹನುಮಯ್ಯ ಎದ್ದು ಹೊರಗೆ ಬಂದು, ಜಗಲಿಯ ಕಂಬ ಹಿಡಿದು ನಿಂತರು. "ಕೇಳ್ರಪ್ಪ, ನನ್ ಪುಡೀಲಿ ಇಂಗ್ಲಿಸ್ ಮಾತ್ರೆ ಬೆರೆತದೆ. ನಂಗೆ ಗೊತ್ತಿರ್ನಿಲ್ಲ. ಇವತ್ತಿಂದ ಕೊಡಾಕಿಲ್ಲ. ತಗೊಂಡೋರೆಲ್ಲ ನನ್ ಸೊಸೆ ಏಳ್ದಂಗೆ ಕೇಳಿ." ಅಕ್ಕನ ಮಗಳೋ ತಂಗಿಯ ಮಗಳೋ, ಈ ಕಡೆ ಸೋದರಸೊಸೆ ಸೊಸೆಯೇ. ಜನ ನಂಬಲಿಲ್ಲ. ಓದಿದ ಹುಡುಗಿ ಮಾವನ ತಲೆ ಕೆಡಿಸಿದಳು ಎಂದುಕೊಂಡೇ ಎದ್ದರು.

ತಗೊಳ್ಳುವುದನ್ನು ಒಮ್ಮೆಲೇ ನಿಲ್ಲಿಸುವಂತೆಯೂ ಇರಲಿಲ್ಲ. ಮೈಗೆ ಒಗ್ಗಿಹೋದ ಸ್ಟೆರಾಯ್ಡ್ ದಿಢೀರನೆ ಬಿಟ್ಟರೆ ಜೀವಕ್ಕೇ ಅಪಾಯ. ವೈದ್ಯರ ಕಣ್ಗಾವಲಿನಲ್ಲಿ ಹಂತ ಹಂತವಾಗಿ ಇಳಿಸಬೇಕು, ಎಲ್ಲರಿಗೂ ಕ್ಷಯದ ತಪಾಸಣೆ ಆಗಬೇಕು. ಅದಕ್ಕೆ ಮನೆ ಮನೆಗೆ ಹೋಗಲೇಬೇಕಿತ್ತು. ಮಂಡಿನೋವಿನ ದೊಡ್ಡಹನುಮಯ್ಯ ಕೋಲೂರಿಕೊಂಡು ಬಸ್ಸು ಹತ್ತಿ, ಪುಡಿ ಕೊಟ್ಟಿದ್ದ ಒಂದೊಂದು ಮನೆಗೂ ಸೊಸೆಯ ಜೊತೆ ಹೋದರು.

ಶರ್ಫುನ್ನೀಸಾ ಮನೆಗೆ ಕೊನೆಗೆ ಹೋದರು. ಆಕೆ ಬಾಗಿಲಲ್ಲೇ ತಡೆದರು. "ನನ್ ಮಗಳು ಹೋದ್ಮೇಲೆ ಯಾಕ್ ಬಂದ್ರಿ? ಉಸಿರಾದ್ರೂ ಆಡ್ತಿದ್ದೆ, ಅದನ್ನೂ ಕಿತ್ಕೊಳಕ್ಕೆ ಬಂದ್ರಾ?" ದೊಡ್ಡಹನುಮಯ್ಯ ಹೊಸ್ತಿಲ ಹೊರಗೇ ನೆಲದ ಮೇಲೆ ಕುಳಿತರು. ಬೈಗುಳವೆಲ್ಲ ಕೇಳಿಸಿಕೊಂಡರು. ಕ್ಷಮೆ ಎಂಬ ಮಾತು ಎತ್ತಲಿಲ್ಲ. "ಆ ಎರಡು ಕೂಸುಗಳಿಗೆ ಕಾಯಿಲೆ ಅಂಟಿರಬೌದು ತಾಯಿ. ಒಂದ್ಸಲ ತೋರ್ಸು. ನನ್ನ ಆಮೇಲೆ ಬೈಯುವಂತೆ" ಎಂದಷ್ಟೇ ಅಂದರು.

ಎರಡು ದಿನ ಬಿಟ್ಟು ಶರ್ಫುನ್ನೀಸಾ ಮೊಮ್ಮಕ್ಕಳ ಕೈ ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಚಿಕ್ಕವಳು ಸುಹಾನಾಗೆ ಸೋಂಕು ತಗುಲಿತ್ತು. ಆರಂಭದ ಹಂತ. ತಿಂಗಳುಗಟ್ಟಲೆ ಮಾತ್ರೆ ನುಂಗಿ ಈಗ ಗುಣವಾಗಿದ್ದಾಳೆ, ಶಾಲೆಗೆ ಹೋಗುತ್ತಾಳೆ. ಪುಡಿ ತಿಂದವರಲ್ಲಿ ಇನ್ನೂ ಆರು ಜನರ ಕ್ಷಯ ಸಕಾಲದಲ್ಲಿ ಪತ್ತೆಯಾಯಿತು. ವ್ಯಾಪಾರಿಯ ಮೇಲೆ ದೂರು ಕೊಟ್ಟಿದ್ದಾರೆ, ವಿಚಾರಣೆ ನಡೆಯುತ್ತಿದೆ.

ದೊಡ್ಡಹನುಮಯ್ಯ ಹೋದ ವರ್ಷ ತೀರಿಕೊಂಡರು. ಆ ಭಾನುವಾರದ ನಂತರ ಅವರು ಯಾರಿಗೂ ಮದ್ದು ಕೊಡಲಿಲ್ಲ. ಕೇಳಿಕೊಂಡು ಬಂದವರಿಗೆ ಆಸ್ಪತ್ರೆಯ ದಾರಿ ತೋರಿಸುತ್ತಿದ್ದರು, ಹಣ್ಣಾದವರ ಜೊತೆ ತಾವೇ ಹೋಗುತ್ತಿದ್ದರು. ದೊಡ್ಡಲಕ್ಷ್ಮಮ್ಮ ಈಗ ವೈದ್ಯರು ಕೊಟ್ಟ ಇನ್‌ಹೇಲರ್ ಹೀರುತ್ತಾರೆ. ಅಣ್ಣನ ಪುಡಿಯಷ್ಟು ಹಿತ ಇಲ್ಲ ಎಂದು ಇವತ್ತಿಗೂ ಗೊಣಗುತ್ತಾರೆ.

ಓಣಿಯಲ್ಲಿ ಹೆಂಗಸರನ್ನು ಕೆಲಸದ ನಡುವೆ ಬಿಡಿಸಿ, ಸ್ಟೂಲಿನ ಬಳಿಗೆ ಕಳಿಸುವವರು ಈಗ ಶರ್ಫುನ್ನೀಸಾ. ಮಾತು ಕಡಿಮೆ. "ಡಾಕ್ಟರಮ್ಮ ಸುಳ್ಳು ಹೇಳಲ್ಲ. ಬೇಜಾರಾಗೋ ಮಾತಾದ್ರೂ ಹೇಳ್ತಾರೆ" ಎಂದು ಗೂಡು ಬೇಯುವ ಬಾಣಲೆಯ ಕಡೆ ತಿರುಗಿಕೊಳ್ಳುತ್ತಾರೆ.

ಮಮತಾ ಈಗ ರೇಷ್ಮೆಯ ಅಂಟಿನಲ್ಲಿರುವ ಯಾವ ಅಂಶ ಎದೆಯನ್ನು ಕೆರಳಿಸುತ್ತದೆ ಎಂದು ಬೇರ್ಪಡಿಸಿ ನೋಡುತ್ತಿದ್ದಾರೆ. ಉತ್ತರ ಸಿಗಲು ಇನ್ನೂ ವರ್ಷಗಳೇ ಬೇಕಾಗಬಹುದು. ಬೇಕಾದ್ದೇನು ಎಂದು ಕೇಳಿದರೆ ಹೊಸ ಯಂತ್ರದ ಹೆಸರು ಹೇಳುವುದಿಲ್ಲ.

"ಇಲ್ಲೇ ಗೂಡಿನ ಮಾರ್ಕೆಟ್ ಹತ್ರ ಒಂದು ರೂಮು. ಯಾರಾದ್ರೂ ಪುಡಿನೋ ಲೇಹ್ಯನೋ ತಂದು, 'ಇದ್ರಲ್ಲಿ ಏನೈತೆ ನೋಡಿ' ಅಂದ್ರೆ ನೋಡಿ ಹೇಳ್ಬೇಕು. ತಂದೋರನ್ನ ನೋಡಿ ನಗಬಾರ್ದು, ಬೈಬಾರ್ದು. ಕೊಡೋ ಪಂಡಿತರೂ ಬಂದು ಕೇಳೋ ಹಂಗಿರ್ಬೇಕು. ನಮ್ ಮಾವಂಗೆ ಅಂಥ ಜಾಗ ಒಂದಿದ್ದಿದ್ರೆ, ಮೊದ್ಲನೇ ದಿನಾನೇ ತಗೊಂಡೋಗಿ ಕೇಳಿರೋರು."