ನೂರೆಂಬತ್ತು ಬಾರ್

ಬಣ್ಣದ ಮೇಸ್ತ್ರಿಯ ಕೈಕೆಲಸವನ್ನು ಊರೆಲ್ಲ ಹೊಗಳುತ್ತಿತ್ತು, ಹೆಂಡತಿಯೊಬ್ಬಳನ್ನು ಬಿಟ್ಟು. ಅವಳ ಹೊಗಳಿಕೆಯೆಲ್ಲ ಅವನ ಷಡ್ಡಕನ ಪಾಲಾಗಿತ್ತು. ಈ ಷಡ್ಡಕ ಅವಳ ಅಕ್ಕನ ಗಂಡ, ಕನ್ನಡಕದಂಗಡಿಯವನು, ಇವರ ಮನೆಯ ಹಿಂದಿನ ಬೀದಿಯಲ್ಲೇ ಇದ್ದವನು. ಅವನ ಉಗುರಿನಲ್ಲಿ ಒಂದು ಚೂರು ಕೊಳೆ ಕಂಡವರಿಲ್ಲ. ಮೇಸ್ತ್ರಿಯ ಉಗುರಿನಲ್ಲಿ ಮೂವತ್ತು ವರ್ಷದ ಬಣ್ಣವಿತ್ತು. ಹೊಟ್ಟೆ ಉರಿಯಲು ಇನ್ನೇನು ಬೇಕು?

ಎರಡು ವರ್ಷದ ಹಿಂದೆ ಷಡ್ಡಕ ತನ್ನ ಮನೆಗೆ ಕೆನೆ ಬಣ್ಣ ಹೊಡೆಸಿದ್ದ, ಅದೂ ಬೇರೆ ಯಾರನ್ನೋ ಕರೆಸಿ. "ಭಾವನ ಮನೆ ಎಷ್ಟು ಲಕ್ಷಣವಾಗಿದೆ" ಎಂದಿದ್ದಳು ಹೆಂಡತಿ. ಮರುದಿನ ಮಧ್ಯಾಹ್ನದೊಳಗೆ ಮೇಸ್ತ್ರಿಯ ಮನೆಯ ಮುಂಗೋಡೆಯೂ ಕೆನೆ ಬಣ್ಣವಾಗಿತ್ತು. ಗಿರಾಕಿಗಳ ಗೋಡೆಗೆ ಎಮರಿ ಕಾಗದ ಉಜ್ಜಿ, ಬಣ್ಣ ಕಚ್ಚಿಕೊಳ್ಳಲು ಪ್ರೈಮರ್ ಹೊಡೆಯದೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯದವನು ತನ್ನ ಗೋಡೆಗೆ ಎರಡನ್ನೂ ಮಾಡಲಿಲ್ಲ. ಅಡಿಯಲ್ಲಿದ್ದ ಗಿಣಿಹಸಿರು ಮದುವೆಯ ಹೊಸತರಲ್ಲಿ ಹೆಂಡತಿ ಆರಿಸಿ, ಅವನು ಹದವಾಗಿ ಬಳಿದದ್ದು. ಅವಳು ಆ ದಿನ ಹೊರಗೆ ಬಂದು ನೋಡಿದಳು, ಹಾಗೇ ಒಳಗೆ ಹೋದಳು.

ಈಗ ಷಡ್ಡಕ ನೀರು ರಭಸವಾಗಿ ಚಿಮ್ಮಿಸಿ ತೊಳೆಯುವ ಪ್ರೆಶರ್ ವಾಷರ್ ಕೊಂಡಿದ್ದ. "ಭಾವ ಅಂಗಳದ ಪಾಚಿನೆಲ್ಲ ಹೇಗೆ ತೆಗೆದಿದ್ದಾರೆ ಗೊತ್ತಾ? ಕೈಯಂದ್ರೆ ಅದು ಕೈ" ಎಂದಳು ಹೆಂಡತಿ. ಆ ಮಾತನ್ನು ಅವಳು ಜನ್ಮದಲ್ಲಿ ಒಂದು ಸಲ ತನ್ನ ಬಗ್ಗೆ ಆಡಲಿ, ಅಷ್ಟೇ ಮೇಸ್ತ್ರಿಗೆ ಬೇಕಾಗಿದ್ದದ್ದು.

ಮರುದಿನವೇ ಮೇಸ್ತ್ರಿ ಮೆಷಿನ್ ಅಂಗಡಿಗೆ ಹೋದ. "ಏನೇನು ತೊಳೀಬೇಕು ಸಾರ್?" ಎಂದು ಕೇಳಿದ ಅಂಗಡಿಯವನು. ಷಡ್ಡಕನ ಮುಖದ ಮೇಲಿನ ನಗುವನ್ನು ಎನ್ನಲಾದೀತೇ?

"ನೂರಮೂವತ್ತು ಬಾರ್‌ಗಿಂತ ಜಾಸ್ತಿ ಇರೋದು ಕೊಡಿ" ಎಂದ ಮೇಸ್ತ್ರಿ. ನೀರಿನ ಒತ್ತಡ ಅಳೆಯುವುದು ಬಾರ್‌ನಲ್ಲಿ, ಷಡ್ಡಕನದು ನೂರಮೂವತ್ತು.

"ಮನೆಗೆ ನೂರಿಪ್ಪತ್ತೇ ಬೇಕಾದಷ್ಟಾಯ್ತು. ಬಾರ್ ಬಿಡಿ, ಪೈಪ್ ಎಷ್ಟುದ್ದ ಇದೆ, ಬಕೆಟ್‌ನಿಂದ ನೀರು ಎಳ್ಕೊಳ್ಳುತ್ತಾ, ಅದನ್ನ ನೋಡಿ."

ಮೇಸ್ತ್ರಿ ನೋಡಿದ್ದು ನೂರೆಂಬತ್ತು ಎಂದು ಬರೆದಿದ್ದ ಪೆಟ್ಟಿಗೆಯನ್ನು. ಅಂಗಡಿಯವನು ಬಿಲ್ ಬರೆಯುತ್ತಲೇ ಪೈಪಿನ ತುದಿಗೆ ಸಿಕ್ಕಿಸುವ ಮೂತಿಗಳನ್ನು ತೋರಿಸಿ, "ಈ ಕೆಂಪು ನಾಜಲ್ ಮಾತ್ರ ಗೋಡೆಗೆ ಹಾಕ್ಬೇಡಿ, ಬಣ್ಣ ಎದ್ದುಬಿಡುತ್ತೆ" ಎಂದ.

"ಬಣ್ಣದ ವಿಷಯ ನನಗೆ ಹೇಳ್ಕೊಡ್ತೀರಾ?"

ಭಾನುವಾರ ಬೆಳಿಗ್ಗೆ ಅಕ್ಕ-ಭಾವನನ್ನು ಕಾಫಿಗೆ ಕರೆಯುವಂತೆ ಹೆಂಡತಿಗೆ ಹೇಳಿದವನು ಮೇಸ್ತ್ರಿಯೇ. ಅವರು ಬಂದು ಕುಳಿತ ಮೇಲೆ, ಮಳೆಗೆ ಕಪ್ಪಾಗಿದ್ದ ಮುಂಗೋಡೆಯ ಎದುರು ಎದೆಯುಬ್ಬಿಸಿ ನಿಂತ. ನಾಜಲ್‌ಗಳಲ್ಲಿ ಯಾವುದು ಹೆಚ್ಚು ಅಬ್ಬರದ್ದೆಂದು ನೋಡಿ ಕೆಂಪನ್ನೇ ಸಿಕ್ಕಿಸಿದ. ಮೆಷಿನ್ ಚಾಲೂ ಆದದ್ದೇ ಕುದುರೆ ಒದ್ದಂತೆ ಕೈ ಹಿಂದಕ್ಕೆ ಜಗ್ಗಿತು. ಕಪ್ಪು ಹೋಯಿತು, ಅದರ ಜೊತೆಗೆ ಕೆನೆ ಬಣ್ಣವೂ ಹಪ್ಪಳದಂತೆ ಎದ್ದು ಅಂಗಳದ ತುಂಬ ಹಾರಿತು. ಮೇಸ್ತ್ರಿ ಮೆಷಿನ್ ನಿಲ್ಲಿಸಿದ. ಮೂವತ್ತು ವರ್ಷದ ಹೆಸರು ಷಡ್ಡಕನ ಕಣ್ಣೆದುರೇ ನೀರುಪಾಲಾಯಿತಲ್ಲ ಎಂದು ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬಿಳಿ ನಾಜಲ್ ಹಾಕ್ಬೇಕಿತ್ತು ನೀವು" ಎಂದ ಷಡ್ಡಕ, ತೀರಾ ಮೆದುವಾಗಿ. ಆ ಮೆದು ದನಿಗೆ ಮೇಸ್ತ್ರಿಯ ಮೈಯೆಲ್ಲ ಉರಿಯಿತು.

ಹೆಂಡತಿ ಲೋಟ ಕೆಳಗಿಟ್ಟು ಗೋಡೆಯ ಹತ್ತಿರ ಹೋದಳು. ಕೆನೆ ಎದ್ದ ಜಾಗದಲ್ಲೆಲ್ಲ ಗಿಣಿಹಸಿರು ತೊಯ್ದು ಹೊಳೆಯುತ್ತಿತ್ತು. ಅಂಗೈಯಿಂದ ಸವರಿದಳು, ಉಗುರಿನಿಂದ ಕೆರೆದು ನೋಡಿದಳು.

"ಅಕ್ಕ, ಬಾ ಇಲ್ಲಿ. ಇಪ್ಪತ್ತೆರಡು ವರ್ಷ ಆಯ್ತು, ಇಷ್ಟು ಜೋರು ನೀರು ಬಿದ್ರೂ ಒಂದು ಚುಕ್ಕಿ ಎದ್ದಿಲ್ಲ. ಕೈಯಂದ್ರೆ ಇದು ಕೈ."

ಮೇಸ್ತ್ರಿಗೆ ತಾನು ಕೇಳಿದ್ದು ನಿಜವೇ ಎಂದು ಅನುಮಾನವಾಯಿತು. "ಮತ್ತೆ ಆ ಕೆನೆ ಬಣ್ಣ?" ಎಂದ, ಬಾಯಿ ಸುಮ್ಮನಿರದೆ.

"ಹಸಿರು ಬಳಿದಿದ್ದು ನನ್ನ ಗಂಡ" ಎಂದಳು ಅವಳು. "ಕೆನೆ ಬಳಿದಿದ್ದು ಭಾವನ ಷಡ್ಡಕ."

ಮೇಸ್ತ್ರಿ ಮತ್ತೆ ಮೆಷಿನ್ ಚಾಲೂ ಮಾಡಿ ಉಳಿದ ಕೆನೆಯನ್ನು ಎಬ್ಬಿಸತೊಡಗಿದ. ಹೆಂಡತಿಯ ಮಾತು ಷಡ್ಡಕನ ಕಿವಿಗೆ ಬಿತ್ತೋ ಇಲ್ಲವೋ ಎಂದು ನಡುವೆ ಒಮ್ಮೆ ಹಿಂತಿರುಗಿ ನೋಡಿದ.